ಅಂಟು ಕೂರುವವರೆಗೆ

ನಮ್ಮ ದೊಡ್ಡಪ್ಪನ ಎದುರು ಕುರ್ಚಿಯಲ್ಲಿ ಕೂರುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ನಾವು ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ನಮ್ಮ ಮುಖ ಬಿಟ್ಟು ಕುರ್ಚಿಯ ಕಾಲಿಗೆ ಇಳಿದಿರುತ್ತದೆ. ನನ್ನ ಗಂಡ ಮೊದಲ ಸಲ ಮನೆಗೆ ಬಂದಾಗ ಉಳಿದವರೆಲ್ಲ ಅವನ ಓದು, ಕೆಲಸ, ಮನೆತನ ಅಂತ ಕೆದಕುತ್ತಿದ್ದರೆ ದೊಡ್ಡಪ್ಪ ಒಂದು ಮಾತೂ ಆಡದೆ ನೋಡುತ್ತ ಕೂತಿದ್ದರು. ಅವನು ಎದ್ದು ಹೋದ ಮೇಲೆ, "ಹುಡುಗ ಕುರ್ಚಿನ ಎಳೆಯಲ್ಲ, ಎತ್ತಿ ಇಡ್ತಾನೆ. ಪರವಾಗಿಲ್ಲ," ಎಂದು ತೀರ್ಪು ಕೊಟ್ಟರು. ಅವರ ಲೆಕ್ಕದಲ್ಲಿ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಗುಣ ಬೇಕಾಗಿಲ್ಲ.

ದೊಡ್ಡಪ್ಪನ ಕಸುಬು ಹಳೆಯ ಕುರ್ಚಿಗಳ ರಿಪೇರಿ. ಹೊಸದನ್ನು ಮಾಡುವುದಿಲ್ಲ, ಹೊಸದು ಮಾಡಲು ಯಾರು ಬೇಕಾದರೂ ಇದ್ದಾರೆ ಎಂದು ಮೂಗು ಮುರಿಯುತ್ತಾರೆ. ನಾವಿರುವ ಕಟ್ಟಡದ ನೆಲಮಹಡಿಯಲ್ಲಿ, ಬೀದಿಗೆ ಬಾಗಿಲಿರುವ ಒಂದು ಉದ್ದನೆಯ ಕೋಣೆ ಅವರ ಅಂಗಡಿ. ಅವರ ಮನೆ ಮೂರನೇ ಮಹಡಿಯಲ್ಲಿ. ನಾನು, ನನ್ನ ಗಂಡ ಇರುವುದು ಎರಡನೆಯದರಲ್ಲಿ. ಲಿಫ್ಟು ಎಂಬುದು ಈ ಕಟ್ಟಡ ಕಟ್ಟಿದವನ ತಲೆಗೆ ಹೊಳೆದೇ ಇಲ್ಲ. ಅಂಗಡಿಯ ಒಂದು ಬದಿಗೆ ದೊಡ್ಡಮ್ಮ ಕೂತು ಬೆತ್ತದ ಸೀಟು ನೇಯುತ್ತಾಳೆ, ಇನ್ನೊಂದು ಬದಿಗೆ ದೊಡ್ಡಪ್ಪ ಕಾಲು, ಕೈ, ಬೆನ್ನು ಜೋಡಿಸುತ್ತಾರೆ. ಮರ ಅವರದು, ಬೆತ್ತ ಇವಳದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬಾಯಿ ಹಾಕಬಾರದು ಎಂದು ಮದುವೆಯಾದ ಹೊಸತರಲ್ಲೇ ಒಪ್ಪಂದವಾಗಿದೆ. ದೊಡ್ಡಪ್ಪ ಅದನ್ನು ದಿನವೂ ಮುರಿಯುತ್ತಾರೆ.

ಅವರು ಮೇಜಿನ ಮೇಲೆ ಕೆಲಸ ಮಾಡಿದವರಲ್ಲ. ನೆಲದ ಮೇಲೆ ಮಂಡಿಯೂರಿ, ಕುರ್ಚಿಯ ಚೌಕಟ್ಟನ್ನು ಎರಡು ಮಂಡಿಗಳ ನಡುವೆ ಇಕ್ಕಳದಂತೆ ಅಮುಕಿ ಹಿಡಿದರೇನೇ ಅವರ ಕೈ ಓಡುವುದು. ಅಂಟೂ ಹಳೆಯದೇ ಆಗಬೇಕು: ದನದ ಚರ್ಮ, ಎಲುಬು ಬೇಯಿಸಿ ಒಣಗಿಸಿದ ಸರೇಸು. ಜೇನಿನ ಬಣ್ಣದ ಆ ಹರಳುಗಳನ್ನು ನೀರಲ್ಲಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು ಹದವಾಗಿ ಕರಗಿಸಬೇಕು. ಕುದಿ ಬಂದರೆ ಅಂಟಿನ ಕಸುವೆಲ್ಲ ಹೋಗಿ ಬರೀ ಗಂಜಿಯಾಗುತ್ತದೆ. ಸಡಿಲಾದ ಜೋಡಣೆಯನ್ನು ಬಿಚ್ಚಿ, ಹಳೆಯದನ್ನು ಕೆರೆದು, ಹೊಸ ಅಂಟು ಹಚ್ಚಿ ಕೂಡಿಸಿ, ಸುತ್ತಲೂ ಅಗಲವಾದ ಬಟ್ಟೆಯ ಪಟ್ಟಿ ಕಟ್ಟಿ, ಪಟ್ಟಿಯೊಳಗೆ ಕೋಲು ತೂರಿಸಿ ತಿರುಚಿ ಬಿಗಿ ಮಾಡಿ ಗೋಡೆಗೆ ಒರಗಿಸಿದರೆ ಮುಗಿಯಿತು. ಆಮೇಲೆ ಅದನ್ನು ಮುಟ್ಟಿದವರಿಗೆ ಮಂಗಳಾರತಿ. ಅಂಟು ಕೂರುವವರೆಗೆ ಅಲ್ಲಾಡಿಸಬಾರದು ಎನ್ನುವುದು ಅವರ ಮಂತ್ರ. ಅವಸರದ ಗಿರಾಕಿಗಳಿಗೂ ಅದನ್ನೇ ಹೇಳುತ್ತಾರೆ, ಜಗಳವಾಡಿಕೊಂಡು ಬಂದ ಗಂಡಹೆಂಡಿರಿಗೂ ಅದನ್ನೇ ಹೇಳುತ್ತಾರೆ.

ಹೀಗಿದ್ದವರಿಗೆ ಬಲಗಾಲಿನ ಮಂಡಿ ಕೈಕೊಟ್ಟಿತು. ಮೊದಮೊದಲು ನೆಲದಿಂದ ಏಳುವಾಗ ಮುಖ ಹಿಂಡುತ್ತಿದ್ದರು. ಆಮೇಲೆ ಪಕ್ಕದ ಕುರ್ಚಿಯನ್ನು ಹಿಡಿದು ಏಳತೊಡಗಿದರು. ಆಮೇಲೆ ಸಂಜೆ ಮೆಟ್ಟಿಲು ಹತ್ತುವಾಗ ನಮ್ಮ ಬಾಗಿಲ ಮುಂದೆ ನಿಂತು, ಬೇಡದ ಮಾತು ತೆಗೆದು ಸುಧಾರಿಸಿಕೊಳ್ಳುವುದು ಶುರುವಾಯಿತು. ಡಾಕ್ಟರು ಎಕ್ಸ್‌ರೇ ನೋಡಿ, ಎರಡು ಎಲುಬುಗಳ ನಡುವಿನ ಮೆತ್ತೆ ಸವೆದಿದೆ, ಆಪರೇಷನ್ ಮಾಡುವ ಮಟ್ಟಕ್ಕೇನೂ ಹೋಗಿಲ್ಲ, ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ, ವ್ಯಾಯಾಮ ಹೇಳಿಕೊಡುವವರಿದ್ದಾರೆ, ಅವರ ಹತ್ತಿರ ಹೋಗಿ, ಕೆಲಸವನ್ನು ನೆಲದಿಂದ ಮೇಜಿಗೆ ಎತ್ತಿಕೊಳ್ಳಿ ಎಂದರು. ದೊಡ್ಡಪ್ಪನಿಗೆ ಇದು ಅವಮಾನವಾಗಿ ಕಂಡಿತು. ಮಾತ್ರೆ ಬರೆಯದ ಡಾಕ್ಟರು ಅದೆಂಥ ಡಾಕ್ಟರು, ವ್ಯಾಯಾಮ ಎನ್ನುವುದು ಕೆಲಸವಿಲ್ಲದವರ ಕೆಲಸ ಎಂದು ದಾರಿಯುದ್ದಕ್ಕೂ ಗೊಣಗಿದರು. ವ್ಯಾಯಾಮದವರ ಹೆಸರು ಬರೆದು ಡಾಕ್ಟರು ಕೊಟ್ಟ ಚೀಟಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ಅವರ ಸಿಟ್ಟಿನ ಹಿಂದೆ ಹೆದರಿಕೆ ಇತ್ತು, ಅದು ನಮಗೆಲ್ಲ ಕಾಣುತ್ತಿತ್ತು. ಮೆಟ್ಟಿಲು ಇಳಿಯಲಾಗದಿದ್ದರೆ ಅಂಗಡಿ ಮುಚ್ಚಬೇಕು. ಅಂಗಡಿ ಮುಚ್ಚಿದರೆ ಮೂರನೇ ಮಹಡಿಯ ಕಿಟಕಿಯಲ್ಲಿ ಕೂತು ಬೀದಿ ನೋಡುವ ಒಬ್ಬ ಮುದುಕ ಉಳಿಯುತ್ತಾನೆಯೇ ಹೊರತು ನಮ್ಮ ದೊಡ್ಡಪ್ಪ ಉಳಿಯುವುದಿಲ್ಲ. ಅವರಿಗೆ ಇಸ್ಪೀಟು ಬರುವುದಿಲ್ಲ, ಟಿ.ವಿ. ಹಿಡಿಸುವುದಿಲ್ಲ, ಪೇಪರು ಓದಿದರೆ ನಿದ್ದೆ. ಆ ಅಂಗಡಿಯನ್ನು ಬಿಟ್ಟು ಅವರನ್ನು ಊಹಿಸಿಕೊಳ್ಳುವುದು ನನಗಂತೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಬೇರೆ ಊರಲ್ಲಿರುವ ಅವರ ಮಗಳು, ನಮ್ಮ ಅಕ್ಕ, ಒಂದು ದೊಡ್ಡ ಡಬ್ಬಿ ಕಳಿಸಿದಳು. ಕೊಲಾಜನ್ ಪುಡಿ. ಮೇಲೆ ಓಡುತ್ತಿರುವ ಒಬ್ಬ ಹೆಂಗಸಿನ ಚಿತ್ರ, ಅವಳ ಮಂಡಿಯಿಂದ ಬೆಳಕು ಬರುತ್ತಿದೆ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಇಂಥ ಡಬ್ಬಿಗಳನ್ನು ದಿನಾ ಮಾರುತ್ತೇನೆ. ಚರ್ಮಕ್ಕೆ ಒಂದು, ಕೂದಲಿಗೆ ಒಂದು, ಮಂಡಿಗೆ ಒಂದು. ಒಳಗಿನ ಪುಡಿ ಹೆಚ್ಚುಕಡಿಮೆ ಒಂದೇ, ಮೇಲಿನ ಹೆಂಗಸು ಮಾತ್ರ ಬೇರೆ. ಕೊಳ್ಳುವವರು, ಇದು ಕೆಲಸ ಮಾಡುತ್ತಾ ಮೇಡಂ ಎಂದು ಕೇಳುತ್ತಾರೆ, ನಾನು ಗೊತ್ತಿದ್ದಷ್ಟು ಹೇಳತೊಡಗಿದರೆ ಅರ್ಧಕ್ಕೇ ಡಬ್ಬಿ ಎತ್ತಿಕೊಂಡು ಹೋಗುತ್ತಾರೆ. ಕೇಳುವುದು ಉತ್ತರಕ್ಕಲ್ಲ, ಧೈರ್ಯಕ್ಕೆ.

ದೊಡ್ಡಪ್ಪ ನನ್ನನ್ನು ಅಂಗಡಿಗೆ ಕರೆಸಿ, ಡಬ್ಬಿಯ ಮೇಲಿರುವ ಸಣ್ಣಕ್ಷರವನ್ನೆಲ್ಲ ಗಟ್ಟಿಯಾಗಿ ಓದಿಸಿದರು. ದನದ ಚರ್ಮ ಮತ್ತು ಎಲುಬಿನಿಂದ ತೆಗೆದದ್ದು ಎಂಬಲ್ಲಿಗೆ ಬಂದಾಗ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಮತ್ತೊಮ್ಮೆ ಓದು ಎಂದರು. ಓದಿದೆ. ಆಮೇಲೆ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇವಳೇ, ಕೇಳಿದ್ಯಾ? ನಿನ್ನ ಮಗಳು ನಮಗೇ ಅಂಟು ಕಳ್ಸಿದ್ದಾಳೆ."

ಮಾತು ಸುಳ್ಳಲ್ಲ. ಪ್ರಾಣಿಯ ಚರ್ಮದಲ್ಲಿ, ಎಲುಬಿನಲ್ಲಿ, ಮೂಳೆಗಳ ನಡುವಿನ ಮೆತ್ತೆಯಲ್ಲಿ ಮೂರೆಳೆ ಹೊಸೆದ ಹಗ್ಗದಂತೆ ಇರುವುದೇ ಕೊಲಾಜನ್. ಬೇಯಿಸಿದರೆ ಆ ಹೊಸೆತ ಬಿಚ್ಚಿಕೊಂಡು ಅಂಟಾಗುತ್ತದೆ. ದೊಡ್ಡಪ್ಪ ಜೀವಮಾನವೆಲ್ಲ ಬಿಸಿ ಮಾಡಿದ್ದು ಅದನ್ನೇ. ಅವರಿಗೆ ಡಾಕ್ಟರ ಮೇಲೆ ಇಲ್ಲದ ನಂಬಿಕೆ ಆ ಡಬ್ಬಿಯ ಮೇಲೆ ಹುಟ್ಟಿದ್ದು ಆ ಗಳಿಗೆಯಲ್ಲಿ. ಸವೆದು ಸಡಿಲಾದದ್ದಕ್ಕೆ ಏನು ಬೇಕು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೂ ಕಸುಬುದಾರ, ಪರೀಕ್ಷೆ ಮಾಡದೆ ಬಾಯಿಗೆ ಹಾಕುವವರಲ್ಲ. ಒಂದು ಚಮಚ ಪುಡಿಯನ್ನು ಬೆಚ್ಚನೆಯ ನೀರಲ್ಲಿ ಕದಡಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರು. ಜಿಗುಟು ಸಾಲದು ಎಂದರು. ಲೋಟವನ್ನು ಹಾಗೇ ಬಿಟ್ಟು ಮರುದಿನ ನೋಡಿದರು. ಅವರ ಅಂಟಾಗಿದ್ದರೆ ತಣ್ಣಗಾದ ಮೇಲೆ ಜೆಲ್ಲಿಯ ಹಾಗೆ ಗಟ್ಟಿಯಾಗಿ ಅಲುಗುತ್ತ ಕೂರಬೇಕಿತ್ತು. ಇದು ನೀರಿನ ಹಾಗೇ ಇತ್ತು. ದೊಡ್ಡಪ್ಪನ ಮುಖ ಇಳಿಯಿತು. ಕಾರ್ಖಾನೆಯವರು ಕುದಿಸಿ ಕೆಡಿಸಿದ್ದಾರೆ, ಅಕ್ಕನಿಗೆ ಟೋಪಿ ಹಾಕಿದ್ದಾರೆ ಎಂದು ನನ್ನ ಹತ್ತಿರ ದೂರು ತಂದರು.

ನಾನು ಕೆಡಿಸಿದ್ದಲ್ಲ, ಬೇಕೆಂದೇ ಕತ್ತರಿಸಿದ್ದು ಎಂದೆ. ಉದ್ದ ಎಳೆ ಸುಲಭವಾಗಿ ಕರಗುವುದಿಲ್ಲ, ಅದಕ್ಕೇ ಮೊದಲೇ ತುಂಡು ಮಾಡಿ ಕೊಡುತ್ತಾರೆ. ಇನ್ನು ಹೊಟ್ಟೆಗೆ ಹೋದ ಮೇಲೆ ಅಲ್ಲಿನ ಆಮ್ಲ, ರಸ ಎಲ್ಲ ಸೇರಿ ಅದನ್ನು ಮತ್ತಷ್ಟು ಚೂರು ಮಾಡುತ್ತವೆ. ಹಾಲಿನದೋ ಮೊಟ್ಟೆಯದೋ ಬೇಳೆಯದೋ, ಯಾವ ಪ್ರೋಟೀನಾದರೂ ಅದಕ್ಕೆ ಇದೇ ಗತಿ. ಪ್ರೋಟೀನೆಂದರೆ ಅಮೈನೋ ಆಮ್ಲ ಎಂಬ ಮಣಿಗಳ ಸರ. ಕೊನೆಗೆ ಒಂಟಿ ಮಣಿಗಳು, ಎರಡು ಮೂರು ಮಣಿ ಅಂಟಿಕೊಂಡಿರುವ ಚೂರುಗಳು ಸಣ್ಣ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರುತ್ತವೆ. ರಕ್ತ ಅವನ್ನು ಮೈಯೆಲ್ಲ ಸುತ್ತಿಸುತ್ತದೆ, ಯಾವ ಅಂಗಕ್ಕೆ ಬೇಕೋ ಅದು ಎತ್ತಿಕೊಳ್ಳುತ್ತದೆ. ಇದು ದನದ ಎಲುಬಿನಿಂದ ಬಂದದ್ದು, ಮಂಡಿಗೆ ಹೋಗಬೇಕಾದದ್ದು ಎಂದು ಯಾವ ಮಣಿಯ ಮೇಲೂ ವಿಳಾಸ ಬರೆದಿರುವುದಿಲ್ಲ. ಇಷ್ಟನ್ನೂ ನಾನು ತಾಳ್ಮೆಯಿಂದ ಹೇಳಿದೆ, ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ.

"ಒಂದಷ್ಟು ಚೂರು ರಕ್ತಕ್ಕೆ ಹೋಗುತ್ತೆ ಅಂದ್ಯಲ್ಲ?" ದೊಡ್ಡಪ್ಪ ಕೇಳಿದರು.

"ಹೋಗುತ್ತೆ."

"ಆ ರಕ್ತ ಮಂಡಿಗೆ ಹೋಗುತ್ತೆ?"

"ಮಂಡಿ ಕಡೆಗೂ ಹೋಗುತ್ತೆ, ಮೂಗಿನ ಕಡೆಗೂ ಹೋಗುತ್ತೆ ದೊಡ್ಡಪ್ಪ."

"ಮೂಗಿಗೆ ಹೋಗಿದ್ದು ಮೂಗಿಗೆ ಇರ್ಲಿ ಬಿಡು."

ಅವರಿಗೆ ಬೇಕಾದದ್ದು ಸಿಕ್ಕಿತ್ತು. ಬಿರುಕು ಕೂದಲೆಳೆಯಷ್ಟು ಸಣ್ಣದಿದ್ದರೆ ತಾವೂ ಅಂಟನ್ನು ನೀರು ಮಾಡಿಕೊಳ್ಳುತ್ತೇವೆ, ದಪ್ಪ ಅಂಟು ಮೇಲೇ ನಿಲ್ಲುತ್ತದೆ, ತೆಳು ಅಂಟು ಒಳಗಿಳಿಯುತ್ತದೆ, ಕಾರ್ಖಾನೆಯವರು ದಡ್ಡರಲ್ಲ ಎಂದು ನನಗೇ ತಿಳಿಹೇಳಿದರು. ಇದನ್ನು ತಿಂದು ನೋವು ಸ್ವಲ್ಪ ಕಡಿಮೆಯಾಯಿತು ಎಂದವರೂ ಇದ್ದಾರೆ, ಆದರೆ ಆ ಪರೀಕ್ಷೆಗಳಲ್ಲಿ ಎಷ್ಟೋ ಮಾರುವವರೇ ದುಡ್ಡು ಹಾಕಿ ಮಾಡಿಸಿದ್ದು, ಇನ್ನೂ ಖಚಿತವಿಲ್ಲ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ತಿಂದರೆ ಕೆಟ್ಟದ್ದೇನೂ ಆಗುವುದಿಲ್ಲವಲ್ಲ ಎಂದುಕೊಂಡು ನಾನೂ ಸುಮ್ಮನಾದೆ. ಪುಡಿ ಕೆಟ್ಟದ್ದು ಮಾಡುವುದಿಲ್ಲ, ನಿಜ. ಆದರೆ ಅವರು ಪುಡಿಯ ಜೊತೆಗೆ ಮಾಡಿದ್ದನ್ನು ಈ ಭೂಮಿಯ ಮೇಲೆ ಇನ್ಯಾರೂ ಮಾಡಿರಲಾರರು.

ಅವರು ಅಂಟು ಕೂರಲು ಬಿಟ್ಟರು. ದಿನಾ ಬೆಳಿಗ್ಗೆ ಲೋಟದ ನೀರು ಹದವಾಗಿ ಬಿಸಿಯಾಗಬೇಕು, ಕುದಿಯಬಾರದು. ಕುಡಿದಾದ ಮೇಲೆ ಬಲಗಾಲನ್ನು ನೀಳವಾಗಿ ಒಂದು ಸ್ಟೂಲಿನ ಮೇಲೆ ಚಾಚಿ, ಕುರ್ಚಿಗೆ ಕಟ್ಟುವ ಅದೇ ಅಗಲ ಪಟ್ಟಿಯಿಂದ ಮಂಡಿಯ ಮೇಲೂ ಕೆಳಗೂ ಸುತ್ತಿ ಬಿಗಿದು, ಮೇಲೊಂದು ಹೊದಿಕೆ ಹಾಕಿಕೊಂಡು ಕಿಟಕಿಯ ಬಳಿ ಕೂರುವುದು. ತೆಳು ಅಂಟು ಕೂರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಹಾಗಾಗಿ ಡಬ್ಬಿ ಮುಗಿಯುವವರೆಗೆ ಮಂಡಿ ಮಡಚುವಂತಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಒಂದು ಕುರ್ಚಿಯನ್ನು ಮುಂದೆ ತಳ್ಳಿಕೊಂಡು, ಕಾಲನ್ನು ಕೋಲಿನ ಹಾಗೆ ಎಳೆಯುತ್ತ ಹೋಗುತ್ತಿದ್ದರು. ಕುರ್ಚಿ ಎಳೆಯುವವರನ್ನು ಕಂಡರಾಗದ ಮನುಷ್ಯ ಕುರ್ಚಿ ತಳ್ಳಿಕೊಂಡು ಓಡಾಡಿದರು ಎಂದರೆ ಅವರ ಪಟ್ಟು ಎಂಥದ್ದಿರಬೇಕು ನೋಡಿ.

ಹೊದಿಕೆಯ ಕೆಳಗೆ ಪಟ್ಟಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ನೋವಿಗೆ ವಿಶ್ರಾಂತಿ ತಗೊಳ್ಳುತ್ತಿದ್ದಾರೆ ಅಂದುಕೊಂಡೆ. ದೊಡ್ಡಮ್ಮನಿಗೆ ಗೊತ್ತಿತ್ತು, ಬೇಡ ಎಂದೂ ಹೇಳಿದ್ದಳಂತೆ. ಬೆತ್ತದವಳು ಬೆತ್ತ ನೋಡಿಕೋ ಎಂಬ ಉತ್ತರ ಬಂದಿತ್ತಂತೆ. ಅವಳು ಅಂಗಡಿ ಬಾಗಿಲು ತೆರೆಯುವುದು, ಗಿರಾಕಿಗಳಿಗೆ ಸಮಾಧಾನ ಹೇಳುವುದು, ಮಧ್ಯೆ ಮೇಲೆ ಬಂದು ಅಡುಗೆ ಮಾಡುವುದು, ಇವರಿಗೆ ಬಡಿಸುವುದು, ಮತ್ತೆ ಇಳಿಯುವುದು. ಅಷ್ಟು ಸಾಲದೆಂಬಂತೆ ದೊಡ್ಡಪ್ಪ ಕಿಟಕಿಯಿಂದ ಕೂಗಿ ಕರೆದು, ಯಾವ ಕುರ್ಚಿ ಎಲ್ಲಿದೆ, ಯಾವುದಕ್ಕೆ ಬಿಸಿಲು ತಾಗುತ್ತಿದೆ ಎಂದು ವಿಚಾರಿಸುತ್ತಿದ್ದರು.

ನೋವು ನಿಜವಾಗಿಯೂ ಕಡಿಮೆಯಾಯಿತು. ಮಡಚದ ಮಂಡಿ ಏಕೆ ನೋಯುತ್ತದೆ? ಆದರೆ ದೊಡ್ಡಪ್ಪ ಅದನ್ನು ಅಂಟಿನ ಖಾತೆಗೆ ಬರೆದುಕೊಂಡರು. ಹೋಗಿ ಬರುವವರಿಗೆಲ್ಲ ಡಬ್ಬಿ ತೋರಿಸಿ ಉಪನ್ಯಾಸ ಕೊಟ್ಟರು. ಅಕ್ಕನಿಗೆ ಫೋನಿನಲ್ಲಿ ಇನ್ನೊಂದು ಡಬ್ಬಿ ಬೇಡ, ಒಂದೇ ಸಾಕಾಗುತ್ತದೆ ಎಂದರು.

ಡಬ್ಬಿ ತಳ ಕಂಡ ದಿನ ನನ್ನನ್ನೂ ದೊಡ್ಡಮ್ಮನನ್ನೂ ಎದುರಿಗೆ ಕೂರಿಸಿಕೊಂಡು ಹೊದಿಕೆ ಸರಿಸಿದರು. ಪಟ್ಟಿ ನೋಡಿ ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಅವರು ಮಾತ್ರ ಕುರ್ಚಿಯ ಕಟ್ಟು ಬಿಚ್ಚುವ ಅದೇ ನಿಧಾನದಲ್ಲಿ, ಸುತ್ತು ಸುತ್ತಾಗಿ ಬಿಚ್ಚಿದರು. ಬಿಚ್ಚಿದ ಪಟ್ಟಿಯನ್ನು ಮಡಿಸಿ ಪಕ್ಕಕ್ಕಿಟ್ಟರು. ಕಾಲು ಕೆಳಗಿಟ್ಟು ಎದ್ದು ನಿಂತರು, ಒಂದು ಹೆಜ್ಜೆ ಹಾಕಲು ಹೋದರು. ಮಂಡಿ ಮಡಚಲಿಲ್ಲ, ತೊಡೆ ಭಾರ ತಾಳಲಿಲ್ಲ. ಅವರು ಮುಗ್ಗರಿಸಿ ಮಂಚದ ಅಂಚಿಗೆ ಬಿದ್ದರು.

ಏಟೇನೂ ಆಗಲಿಲ್ಲ. ಎರಡು ಕಾಲನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಬಲದ ತೊಡೆ ಎಡದ್ದಕ್ಕಿಂತ ಕಣ್ಣಿಗೆ ಕಾಣುವಷ್ಟು ಸೊರಗಿತ್ತು. ದೊಡ್ಡಪ್ಪ ತಮ್ಮ ತೊಡೆಯನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದರು. ಗೆದ್ದಲು ಹಿಡಿದ ಮರವನ್ನು ಅವರು ಹಾಗೇ ಒತ್ತಿ ನೋಡುತ್ತಾರೆ. ದೊಡ್ಡಮ್ಮ ಎದ್ದು ಹೋಗಿ ನೀರು ತಂದುಕೊಟ್ಟಳು.

ಡಾಕ್ಟರು ಹಿಂದೆಯೇ ಹೇಳಿದ್ದ ಫಿಸಿಯೋಥೆರಪಿ ಈಗ ಮನೆಗೇ ಬರಬೇಕಾಯಿತು, ಇಳಿಯಲು ಇವರಿಂದ ಆಗುತ್ತಿರಲಿಲ್ಲವಲ್ಲ. ಬಂದವಳು ದಪ್ಪ ಕನ್ನಡಕದ, ಗಟ್ಟಿ ಕೈಯ ಹೆಂಗಸು. ದೊಡ್ಡಮ್ಮ ಅವಳನ್ನು ವ್ಯಾಯಾಮದ ಡಾಕ್ಟರಮ್ಮ ಎಂದು ಕರೆದಳು, ಅದೇ ಹೆಸರು ನಿಂತಿತು. ಅವಳು ದೊಡ್ಡಪ್ಪನ ಕಥೆಯನ್ನೆಲ್ಲ ನಗದೆ ಕೇಳಿದಳು. ಆ ಒಂದು ಕಾರಣಕ್ಕೇ ದೊಡ್ಡಪ್ಪ ಅವಳ ಮಾತು ಕೇಳಿದರು ಎಂದು ನನ್ನ ನಂಬಿಕೆ.

ಅವಳು ಮಂಡಿಯ ಕೆಳಗೆ ಕೈಕೊಟ್ಟು, ನೋಯುವಷ್ಟರವರೆಗೆ ಮಡಚಿ, ಬಿಟ್ಟು, ಮತ್ತೆ ಮಡಚುತ್ತ ಮಾತಾಡಿದಳು. ಎಲುಬುಗಳ ನಡುವಿನ ಆ ಮೆತ್ತೆಗೆ ರಕ್ತನಾಳವೇ ಇಲ್ಲವಂತೆ. ರಕ್ತ ಮಂಡಿಯ ಸುತ್ತಲಿನವರೆಗೆ ಬರುತ್ತದೆ, ಅಲ್ಲಿಂದ ಒಂದು ರಸ ಜಿನುಗಿ ಒಳಗೆ ತುಂಬಿಕೊಳ್ಳುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ಒತ್ತಿ ಬಿಟ್ಟರೆ ತಾನೇ ನೀರು ಹೀರುವುದು? ಹಾಗೆ ನಡೆದಾಗ, ಮಡಚಿದಾಗ, ಭಾರ ಬಿದ್ದು ಎದ್ದಾಗ ಆ ಮೆತ್ತೆ ರಸ ಹೀರುತ್ತದೆ. ಅದಕ್ಕೆ ಅದೇ ಊಟ. ಪುಡಿಯಿಂದ ಬಂದ ಚೂರೋ ಅನ್ನದಿಂದ ಬಂದ ಚೂರೋ, ಅಲ್ಲಿಗೆ ಹೋಗಬೇಕಾದರೆ ಆ ಬಾಗಿಲಿಂದಲೇ ಹೋಗಬೇಕು.

"ನಿಮ್ಮ ಕುರ್ಚಿ ಅಲ್ಲಾಡಿದ್ರೆ ಕೆಟ್ಟಿದೆ ಅಂತ ಅರ್ಥ ಸರ್," ಅವಳು ಹೇಳಿದಳು. "ಇದು ಅಲ್ಲಾಡದೆ ಇದ್ರೆ ಕೆಡುತ್ತೆ."

ಇಷ್ಟು ವಾರ ಬಾಗಿಲು ಹಾಕಿಕೊಂಡು ಊಟ ಕಳಿಸಿದ ಹಾಗಾಯಿತಲ್ಲ ಎಂದು ದೊಡ್ಡಪ್ಪ ಗೊಣಗಿದರು. ಹಾಗಾದರೆ ಆ ಪುಡಿ ಸುಳ್ಳೇ ಎಂದು ಕೇಳಿದರು. ಡಾಕ್ಟರಮ್ಮ ಸುಳ್ಳು ಎನ್ನಲಿಲ್ಲ, ನಿಜ ಎಂದೂ ಎನ್ನಲಿಲ್ಲ. ಅದು ಆಹಾರ, ಔಷಧಿ ಎಂದುಕೊಳ್ಳಬೇಡಿ, ಬೇಕಿದ್ದರೆ ತಿನ್ನಿ, ಆದರೆ ಬೇಳೆ, ಮೊಟ್ಟೆ, ಹಾಲು, ಹುಳಿ ಹಣ್ಣು ಇವುಗಳನ್ನು ಬಿಟ್ಟು ತಿನ್ನಬೇಡಿ, ದೇಹ ತನಗೆ ಬೇಕಾದ ಕೊಲಾಜನ್ನನ್ನು ತಾನೇ ಮಾಡಿಕೊಳ್ಳುತ್ತದೆ, ನೀವು ಕಳಿಸಿದ್ದನ್ನು ಹಾಗೇ ತೆಗೆದು ಮೆತ್ತಿಕೊಳ್ಳುವುದಿಲ್ಲ ಎಂದಳು. ಆಗ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ದೊಡ್ಡಮ್ಮ ಬಾಯಿ ಬಿಟ್ಟಳು.

"ಬೆತ್ತದ ಚೂರು ತಂದು ಸುರಿದ್ರೆ ಸೀಟು ಆಗುತ್ತೇನ್ರೀ? ನೇಯೋರು ಬೇಕು. ನೇಯೋರಿಗೆ ಇಲ್ಲಿ ಕೆಲಸ ಇದೆ ಅಂತ ಗೊತ್ತಾಗ್ಬೇಕು."

ಬೆತ್ತದವಳು ಬೆತ್ತದ ಮಾತೇ ಆಡಿದ್ದಳು, ಒಪ್ಪಂದ ಮುರಿದಿರಲಿಲ್ಲ. ದೊಡ್ಡಪ್ಪ ತಲೆ ತಗ್ಗಿಸಿದರು.

ಡಾಕ್ಟರಮ್ಮ ಹೋದ ಮೇಲೆ ಅವರು ನನ್ನನ್ನು ನೋಡದೆ, ಕಿಟಕಿಯ ಕಡೆ ಮುಖ ಮಾಡಿ, ಕೆಲವು ಕುರ್ಚಿಗಳನ್ನು ತಾವು ರಿಪೇರಿಗೆ ತಗೊಳ್ಳುವುದೇ ಇಲ್ಲ, ಒಲೆಗೆ ಹಾಕಿ ಎಂದು ವಾಪಸ್ಸು ಕಳಿಸುತ್ತೇವೆ ಎಂದರು. ಹಾಗೆ ಹೇಳುವಾಗ ತಂದವರ ಮುಖ ಸಣ್ಣಗಾಗುವುದನ್ನು ಅವರು ಎಷ್ಟು ಸಲ ನೋಡಿಲ್ಲ! ಎಕ್ಸ್‌ರೇ ಹಿಡಿದು ಡಾಕ್ಟರು ಮಾತಾಡುವಾಗ ಅದೇ ನೆನಪಾಯಿತಂತೆ. "ನಂಗೆ ಹೆದರಿಕೆ ಆಯ್ತು ಕಣೇ," ಎಂದರು. ದೊಡ್ಡಪ್ಪನ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು, ಸಿಟ್ಟೂ ಬಂತು. ಹೆದರಿಕೆಯನ್ನು ಹೆದರಿಕೆ ಎಂದು ಮೊದಲೇ ಹೇಳಿದ್ದರೆ ಆ ಪಟ್ಟಿ ಕುರ್ಚಿಗೇ ಇರುತ್ತಿತ್ತು.

ಆಮೇಲಿನದು ಬೇಸರದ ಕೆಲಸ. ಮಲಗಿ ಕಾಲೆತ್ತುವುದು, ಕೂತು ಕಾಲು ಚಾಚುವುದು, ಮಂಡಿಯ ಕೆಳಗೆ ಸುತ್ತಿದ ಟವೆಲನ್ನು ಒತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು. ಅದಕ್ಕೆ ಯಾವ ಕುರ್ಚಿ ಎಂಬುದರ ಮೇಲೆ ಒಂದು ದಿನ ದೊಡ್ಡ ರಾಮಾಯಣವೇ ಆಯಿತು. ಡಾಕ್ಟರಮ್ಮ ಪ್ಲಾಸ್ಟಿಕ್ ಕುರ್ಚಿ ಸಾಕು ಎಂದಿದ್ದಳು, ಇವರು ಅದರ ಮೇಲೆ ಪ್ರಾಣ ಹೋದರೂ ಕೂರುವುದಿಲ್ಲ ಎಂದರು. ಶುರುವಿನಲ್ಲಿ ನೋವು ಹೆಚ್ಚೇ ಆಯಿತು. ಒಂದು ವಾರ ಜಪ್ಪಯ್ಯ ಅಂದರೂ ಮಾಡುವುದಿಲ್ಲ ಎಂದು ಮುಖ ಊದಿಸಿಕೊಂಡು ಮಲಗಿದರು, ಆಮೇಲೆ ತಾವಾಗಿಯೇ ಎದ್ದು ಶುರು ಮಾಡಿದರು. ತೊಡೆಗೆ ಸ್ವಲ್ಪ ಸ್ವಲ್ಪವೇ ಮಾಂಸ ಬಂತು. ಮಂಡಿ ಮೊದಲಿನಷ್ಟು ಮಡಚುವುದಿಲ್ಲ, ಇನ್ನು ನೆಲಕ್ಕೆ ಊರುವಂತಿಲ್ಲ ಎಂದು ಡಾಕ್ಟರಮ್ಮ ಖಂಡತುಂಡವಾಗಿ ಹೇಳಿದಳು. ಕೆಳಗೆ ಅಂಗಡಿಯಲ್ಲಿ ದೊಡ್ಡಮ್ಮ ಒಂದು ಗಟ್ಟಿ ಮೇಜು ತಂದು ಹಾಕಿಸಿದಳು. ದೊಡ್ಡಪ್ಪ ಅದರ ಎತ್ತರ ಕೇಳಿದರು, ಅಗಲ ಕೇಳಿದರು, ಬೇಡ ಎನ್ನಲಿಲ್ಲ.

ಇಳಿಯುವ ದಿನ ಬಂತು. ಡಾಕ್ಟರಮ್ಮ ಪಾಠ ಹೇಳಿಕೊಟ್ಟಿದ್ದಳು: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೈ ಕಂಬಿ ಬಿಡಬಾರದು. ಒಂದು ಕಾಲು ಇಟ್ಟ ಮೆಟ್ಟಿಲಿಗೇ ಇನ್ನೊಂದನ್ನೂ ತಂದು ಸೇರಿಸಿ, ನಿಂತು, ಆಮೇಲೆ ಮುಂದಿನದು. ಬಿದ್ದರೆ ಹಿಡಿಯಲು ನಾನು ಅವರ ಮುಂದೆ ಹಿಮ್ಮುಖವಾಗಿ ಇಳಿಯುತ್ತಿದ್ದೆ. ದೊಡ್ಡಮ್ಮ ಅವರ ಹಿಂದೆ, ಒಂದು ಕೈಯಲ್ಲಿ ಅಂಗಡಿಯ ಬೀಗದ ಕೈ, ಇನ್ನೊಂದರಲ್ಲಿ ಊಟದ ಚೀಲ. ಬಲಗಾಲು, ಎಡಗಾಲು, ನಿಲುಗಡೆ. ದೊಡ್ಡಪ್ಪನ ಹಣೆಯ ಮೇಲೆ ಬೆವರು ಮೂಡಿತ್ತು, ಆದರೆ ಮುಖದಲ್ಲಿ ಒಂದು ಬಗೆಯ ಗೆಲುವಿತ್ತು. ನಮ್ಮ ಬಾಗಿಲು ದಾಟಿ ಇನ್ನೊಂದು ಮಹಡಿ ಇಳಿದು, ತಿರುವಿನಲ್ಲಿ ದಣಿವಾರಿಸಿಕೊಳ್ಳಲು ನಿಂತರು. ನಿಂತವರು ಗೋಡೆಗೆ ಸರಿದು ದಾರಿ ಬಿಟ್ಟು, ನೀನು ಮುಂದೆ ಹೋಗಿ ಬಾಗಿಲು ತೆಗೆದಿರು ಎಂದು ದೊಡ್ಡಮ್ಮನಿಗೆ ಹೇಳಿದರು.

ದೊಡ್ಡಮ್ಮ ಚೀಲವನ್ನು ತೋಳಿಗೆ ಏರಿಸಿಕೊಂಡು, ಕಂಬಿ ಹಿಡಿದು, ಇಳಿಯತೊಡಗಿದಳು. ಎಡಗಾಲು ಕೆಳಗಿನ ಮೆಟ್ಟಿಲಿಗೆ. ಬಲಗಾಲನ್ನು ತಂದು ಅದರ ಪಕ್ಕಕ್ಕೆ. ನಿಲುಗಡೆ. ಮತ್ತೆ ಎಡಗಾಲು, ಮತ್ತೆ ಬಲಗಾಲು ಅದರ ಪಕ್ಕಕ್ಕೆ. ಕಂಬಿ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಅವಳಿಗೆ ಯಾವ ಡಾಕ್ಟರಮ್ಮನೂ ಪಾಠ ಹೇಳಿಕೊಟ್ಟಿರಲಿಲ್ಲ.

ದೊಡ್ಡಪ್ಪ ನೋಡುತ್ತಲೇ ನಿಂತರು. ಅವರ ಮುಖದಲ್ಲಿದ್ದ ಗೆಲುವು ಹೋಗಿತ್ತು.

"ನಿಲ್ಲು ಇವಳೇ," ಎಂದರು. "ಯಾವಾಗಿಂದ?"

ದೊಡ್ಡಮ್ಮ ತಿರುಗಲಿಲ್ಲ. "ಏನು ಯಾವಾಗಿಂದ?"

"ಮಂಡಿ."

"ನಿಮ್ಮದಕ್ಕಿಂತ ಮೊದ್ಲು."

"ಯಾಕೆ ಹೇಳ್ಲಿಲ್ಲ?"

ದೊಡ್ಡಮ್ಮನ ದನಿಯಲ್ಲಿ ದೂರು ಇರಲಿಲ್ಲ.

"ಯಾರಾದ್ರೂ ಒಬ್ರು ಇಳೀಬೇಕಿತ್ತಲ್ರೀ."

ಹಾಗೆಂದು ಅವಳು ಮತ್ತೆ ಎಡಗಾಲು ಕೆಳಗಿಟ್ಟಳು. ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ, ತಾವು ಅಷ್ಟು ದಿನ ಕಲಿತ ಪಾಠವನ್ನೆಲ್ಲ ಮರೆತು, ಎರಡು ಮೆಟ್ಟಿಲು ಎಲ್ಲರಂತೆ ಇಳಿದು, ಅವಳ ತೋಳಿಂದ ಚೀಲ ತೆಗೆದುಕೊಂಡರು. ನೋವಿಗೆ ಅವರ ಮುಖ ಕಿವುಚಿಕೊಂಡಿತು. ಉಳಿದ ಮೆಟ್ಟಿಲುಗಳನ್ನು ಅವರಿಬ್ಬರೂ ಆಚೆ ಈಚೆ ಒಂದೊಂದು ಕಂಬಿ ಹಿಡಿದು, ಒಬ್ಬರಿಗಾಗಿ ಒಬ್ಬರು ನಿಲ್ಲುತ್ತ ಇಳಿದರು. ಅಂಗಡಿಯ ಬಾಗಿಲು ತೆರೆದ ಕೂಡಲೇ ದೊಡ್ಡಪ್ಪ ಹೊಸ ಮೇಜಿನ ಕಡೆ ಕಣ್ಣೂ ಹಾಯಿಸದೆ, ಇದ್ದುದರಲ್ಲಿ ಗಟ್ಟಿಯಾದ ಒಂದು ಕುರ್ಚಿಯನ್ನು ಎತ್ತಿ ತಂದು ದೊಡ್ಡಮ್ಮನ ಮುಂದೆ ಇಟ್ಟರು. ಕೈ ಊರದೆ ಕೂತು ಏಳು ಎಂದರು, ತಾನು ಎಣಿಸುತ್ತೇನೆ ಎಂದರು. ಅವಳು ಕೂತಳು, ಎದ್ದಳು. ಮೂರನೆಯ ಸಲಕ್ಕೆ ಅವಳಿಗೆ ಏಳಲಾಗಲಿಲ್ಲ, ಆಗ ಅವರು ಎಣಿಸುವುದನ್ನು ನಿಲ್ಲಿಸಿ ಕೈ ಚಾಚಿದರು.